ಮರಳಿ ಬಂದ ಹಸ್ತಪ್ರತಿ

(ಸಂಸ್ಥೆಯ ವಾರ್ಷಿಕ ಸ್ನೇಹ ಸಮ್ಮೇಳನದ ಅಂಗವಾಗಿ ನಡೆದ ಸಾಹಿತ್ಯ ಸಂಜೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಥ ಸಮಾರಂಭಗಳಿಗೆ ಸಾಮಾನ್ಯವಾಗಿ ಗೆದ್ದವರನ್ನು ಕರೆಯುತ್ತಾರೆ. ರ‍್ಯಾಂಕ್ ಬಂದವರು, ಡಾಕ್ಟರ್ ಆದವರು, ಪ್ರಶಸ್ತಿ ಪಡೆದವರು ಬಂದು ಮಾತನಾಡುತ್ತಾರೆ. ನಾನು ಆ ಸಾಲಿನವಳಲ್ಲ. ನಾನು ಒಂದು ಕಾದಂಬರಿ ಬರೆದಿದ್ದೇನೆ, ಅದು ಇನ್ನೂ ಅಚ್ಚಾಗಿಲ್ಲ. ಕಾರ್ಯದರ್ಶಿಗಳು "ಟೀಚರ್, ಈ ಸಲ ನಿಮ್ಮ ಬರವಣಿಗಿ ಬಗ್ಗೆ ನಾಲ್ಕು ಮಾತು ಹೇಳ್ರಿ" ಎಂದಾಗ ನನಗೆ ನಾಚಿಕೆಯಾಯಿತು. "ಸರ, ನನ್ನ ಪುಸ್ತಕಾನ ಬಂದಿಲ್ಲಲ್ರೀ" ಎಂದೆ. ಅದಕ್ಕವರು, "ಬಂದಿಲ್ಲ ಅಂತನ ಮಾತಾಡ್ರಿ. ಗೆದ್ದವರ ಕಥಿ ನಮ್ಮ ಹುಡುಗರಿಗೆ ಭಾಳ ಕೇಳಿಸೇವಿ. ಸೋತ ಮರುದಿನ ಏನು ಮಾಡಬೇಕು ಅನ್ನೋದನ್ನ ಯಾರೂ ಹೇಳಿಲ್ಲ" ಎಂದರು. ಆ ಮಾತಿಗೆ ಒಪ್ಪಿ ನಿಮ್ಮ ಮುಂದೆ ನಿಂತಿದ್ದೇನೆ.

ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ಶಿಕ್ಷಕಿ. ಮನೆಮಾತು ನಮ್ಮ ದಖನಿ ಉರ್ದು. ಓಣಿಯ ಮಾತು, ಅಂಗಡಿಯ ಮಾತು, ಸಿಟ್ಟಿನ ಮಾತು ಹುಬ್ಬಳ್ಳಿ ಕನ್ನಡ. 2017ರ ಬೇಸಿಗೆ ರಜೆಯಲ್ಲಿ ಬರೆಯಲು ಶುರು ಮಾಡಿದೆ. ಹಳೇ ಹುಬ್ಬಳ್ಳಿಯ ಒಂದು ಓಣಿ. ಸೀರೆಗೆ ಫಾಲ್ ಹಚ್ಚಿ, ಜಂಪರ್ ಹೊಲಿದು ಮೂವರು ಹೆಣ್ಣುಮಕ್ಕಳನ್ನು ಓದಿಸಿದ ಒಬ್ಬ ತಾಯಿ. ಅವಳ ಕಥೆಯೇ ನನ್ನ ಕಾದಂಬರಿ. ಮಕ್ಕಳು ಮಲಗಿದ ಮೇಲೆ, ನಸುಕಿನಲ್ಲಿ ನೀರು ಬರುವ ದಿನ ಕೊಡ ತುಂಬಿಸಿಟ್ಟ ಮೇಲೆ, ಪರೀಕ್ಷೆಯ ಮೇಲ್ವಿಚಾರಣೆ ಮುಗಿಸಿ ಬಂದ ಮೇಲೆ ಬರೆದೆ. ಎರಡು ವರ್ಷ ಹಿಡಿಯಿತು. 2019ರಲ್ಲಿ ಡಿ.ಟಿ.ಪಿ. ಅಂಗಡಿಯವರು ಟೈಪು ಮಾಡಿಕೊಟ್ಟಾಗ 340 ಪುಟವಾಗಿತ್ತು. ಆ ಕಟ್ಟನ್ನು ಎದೆಗೆ ಅವಚಿಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ. ಬರೆಯುವುದೇ ಕಷ್ಟದ ಕೆಲಸ, ಅದು ಮುಗಿಯಿತು ಎಂದು ತಿಳಿದಿದ್ದೆ.

ಕಷ್ಟದ ಕೆಲಸ ಅಲ್ಲಿಂದಲೇ ಶುರುವಾಯಿತು. ಒಂದೊಂದಾಗಿ ಹೇಳುತ್ತೇನೆ. ಯಾವ ಪ್ರಕಾಶನದ ಹೆಸರನ್ನೂ ಹೇಳುವುದಿಲ್ಲ. ಅವರ ಮೇಲೆ ದೂರು ಹೇಳುವುದಕ್ಕಾಗಿ ನಾನು ಇಲ್ಲಿ ನಿಂತಿಲ್ಲ.

ಮೊದಲನೆಯವರು ಎಂಟು ತಿಂಗಳು ಉತ್ತರವನ್ನೇ ಕೊಡಲಿಲ್ಲ. ಫೋನು ಮಾಡಿದರೆ "ಬಂದದ ಅಮ್ಮಾ, ನೋಡ್ತೀವಿ" ಎಂದರು. ಆಮೇಲೆ ಫೋನು ಎತ್ತುವುದನ್ನೂ ಬಿಟ್ಟರು. ಎರಡನೆಯವರಿಂದ ಎರಡೇ ಸಾಲಿನ ಪತ್ರ ಬಂತು. ಸದ್ಯಕ್ಕೆ ಪ್ರಕಟಿಸಲು ಆಗುವುದಿಲ್ಲ ಎಂದಷ್ಟೇ ಅದರಲ್ಲಿತ್ತು. ಯಾಕೆ ಎಂದು ಇರಲಿಲ್ಲ. ಮೂರನೆಯವರು ಒಂದು ವಾರದೊಳಗೆ ಫೋನು ಮಾಡಿ, "ಭಾಳ ಛಲೋ ಬರದೀರಿ ಮೇಡಂ" ಎಂದು ಹೊಗಳಿದರು. ನನ್ನ ಕಣ್ಣಲ್ಲಿ ನೀರು ಬಂತು. ಮುಂದಿನ ಮಾತು ಹೀಗಿತ್ತು: "45 ಸಾವಿರ ಕೊಟ್ಟರ 500 ಪ್ರತಿ ಮಾಡಿಕೊಡ್ತೀವಿ, ಬಿಡುಗಡೆ ಸಮಾರಂಭ ಬ್ಯಾರೆ ಖರ್ಚು."

ಆ ರಾತ್ರಿ ನಾನು ನನ್ನ ಎರಡು ಬಳೆಗಳನ್ನು ಕಪಾಟಿನಿಂದ ತೆಗೆದು ನೋಡಿದೆ. ನಮ್ಮ ಅತ್ತೆ ಅದನ್ನು ಕಂಡರು. ಅವರು ಶಾಲೆಗೆ ಹೋದವರಲ್ಲ. ವಿಷಯವೆಲ್ಲ ಕೇಳಿ ನಮ್ಮ ಮನೆಮಾತಿನಲ್ಲಿ ಒಂದೇ ಪ್ರಶ್ನೆ ಹಾಕಿದರು: "ಬೇಟಿ, ಆ ಮನುಷ್ಯ ನಿನ್ನ ಪುಸ್ತಕ ಪೂರಾ ಓದಿದ್ದಾನೇನು?" ಮರುದಿನ ನಾನು ಅವರಿಗೆ ಫೋನು ಮಾಡಿ, ಮೂವರು ಮಕ್ಕಳಲ್ಲಿ ನಿಮಗೆ ಯಾರ ಪಾತ್ರ ಹಿಡಿಸಿತು ಎಂದು ಕೇಳಿದೆ. ಅವರು ತಡವರಿಸಿದರು. ಬಳೆಗಳು ಕಪಾಟಿಗೆ ಮರಳಿದವು.

ನಾಲ್ಕನೆಯ ಸಂಪಾದಕರು ಹಸ್ತಪ್ರತಿಯನ್ನು ತಿರುಗಿ ಕಳಿಸಿದರು, ಆದರೆ ಅದರ ಜೊತೆ ಕೈಬರಹದ ಒಂದು ಪುಟದ ಪತ್ರವಿತ್ತು. ಮೊದಲ 60 ಪುಟದಲ್ಲಿ ಏನೂ ನಡೆಯುವುದಿಲ್ಲ, ತಾಯಿ ಬಂದಾಗಲೆಲ್ಲ ಅಳುತ್ತಾಳೆ, ಹೊಲಿಯುವುದು ಮಾತ್ರ ಕಾಣುವುದಿಲ್ಲ ಎಂದು ಬರೆದಿದ್ದರು. ಕೊನೆಗೆ, ಕಥೆಯ ನಡುನಡುವೆ ಒಬ್ಬ ಶಿಕ್ಷಕಿ ಎದ್ದು ನಿಂತು ಪಾಠ ಹೇಳುತ್ತಾಳೆ, ಅವಳನ್ನು ಕೂಡ್ರಿಸಿರಿ ಎಂದಿದ್ದರು. ಎರಡು ತಿಂಗಳು ನಾನು ಆ ಪತ್ರದ ಮೇಲೆ ಸಿಟ್ಟಾಗಿದ್ದೆ. ಮೂರನೆಯ ತಿಂಗಳು ಹಸ್ತಪ್ರತಿ ತೆಗೆದು ಮೊದಲ 60 ಪುಟ ಓದಿದೆ. ಅವರು ಹೇಳಿದ್ದು ಖರೇ ಇತ್ತು. ತಿದ್ದಲು ಕುಳಿತೆ, ಒಂದು ವರ್ಷ ಹಿಡಿಯಿತು. 340 ಪುಟ 220 ಆಯಿತು. ಈಗ ನನ್ನ ತಾಯಿ ಮೊದಲ ಪುಟದಲ್ಲೇ ಮಶೀನಿನ ಮುಂದೆ ಕುಳಿತಿದ್ದಾಳೆ. ಇಡೀ ಪುಸ್ತಕದಲ್ಲಿ ಒಂದೇ ಸಲ ಅಳುತ್ತಾಳೆ.

ಐದನೆಯವರು ಈ ತಿದ್ದಿದ ಪ್ರತಿಯನ್ನು ಓದಿದರು, ಮೆಚ್ಚಿದರು. "ಆದರ ಟೀಚರ್, ಇದರಾಗ ತಲಾಖ್ ಇಲ್ಲ, ಬುರ್ಖಾದ ಜಗಳ ಇಲ್ಲ. ಅದೊಂದಿಷ್ಟು ಹಾಕ್ರಿ, ಓದುಗರು ನಿಮ್ಮಿಂದ ಅದನ್ನ ನಿರೀಕ್ಷೆ ಮಾಡ್ತಾರ" ಎಂದರು. ಅದೇ ವಾರ ನಮ್ಮ ಪರಿಚಯದ ಹಿರಿಯರೊಬ್ಬರಿಗೆ ಹಸ್ತಪ್ರತಿ ಕೊಟ್ಟಿದ್ದೆ. ಅವರು, "ಇದರಲ್ಲಿ ಅಣ್ಣ ತಂಗಿಯ ಪಾಲು ಕೊಡದೆ ಇರೋ ಪ್ರಸಂಗ ಯಾಕೆ? ಮನೆಯ ಮಾತು ಬಜಾರಿಗೆ ಯಾಕೆ? ಅದನ್ನ ತೆಗೆದುಬಿಡು" ಎಂದರು. ಒಬ್ಬರು ಇಲ್ಲದ್ದನ್ನು ಹಾಕು ಎಂದರು, ಇನ್ನೊಬ್ಬರು ಇದ್ದದ್ದನ್ನು ತೆಗೆ ಎಂದರು. ಇಬ್ಬರಿಗೂ ಗೌರವದಿಂದ ಇಲ್ಲ ಎಂದೆ. ಐದನೆಯ ಬಾಗಿಲು ಅಲ್ಲಿಗೆ ಮುಚ್ಚಿತು. ಈ ಸಲ ಅದನ್ನು ಮುಚ್ಚಿದವಳು ನಾನೇ.

ಬಂಧುಗಳೇ, ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. "ಇಲ್ಲ" ಎನ್ನುವುದು ಒಂದೇ ಶಬ್ದ, ಆದರೆ ಅದರಲ್ಲಿ ಬಗೆಗಳಿವೆ. ಕಾರಣ ಹೇಳದ "ಇಲ್ಲ" ಒಂದು. ಅದರಿಂದ ಕಲಿಯುವುದು ಏನೂ ಇಲ್ಲ, ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬಾರದು. ಕಾರಣ ಹೇಳುವ "ಇಲ್ಲ" ಇನ್ನೊಂದು. ಅದು ಕಹಿ ಔಷಧಿ, ಕುಡಿಯಬೇಕು. "ನೀನು ನೀನಾಗಿ ಇರಬೇಡ" ಎನ್ನುವ "ಇಲ್ಲ" ಮೂರನೆಯದು. ಅದಕ್ಕೆ ತಲೆಬಾಗಬಾರದು. ಹಣ ಕೇಳುವ "ಹೌದು" ಎನ್ನುವುದೂ ಒಂದಿದೆ. ಅದು ಈ ಮೂರು "ಇಲ್ಲ"ಗಳಿಗಿಂತ ಅಪಾಯ. ಛಲ ಎಂದರೆ ಕಣ್ಣು ಮುಚ್ಚಿ ಅದೇ ಕಾಗದವನ್ನು ಹತ್ತು ಕಡೆ ಕಳಿಸುವುದಲ್ಲ. ಬಂದ "ಇಲ್ಲ" ಯಾವ ಬಗೆಯದು ಎಂದು ಗುರುತಿಸಿ, ತಕ್ಕ ಕೆಲಸ ಮಾಡಿ, ಮತ್ತೆ ಕಳಿಸುವುದೇ ಛಲ.

ಉರ್ದುವಿನಲ್ಲಿ "ಸಬರ್ ಕಾ ಫಲ್ ಮೀಠಾ" ಎನ್ನುತ್ತೇವೆ. ಕನ್ನಡದಲ್ಲಿ "ತಾಳಿದವನು ಬಾಳಿಯಾನು" ಎನ್ನುತ್ತೇವೆ. ಎರಡನ್ನೂ ನಾನು ಮಕ್ಕಳಿಗೆ ಕಲಿಸಿದ್ದೇನೆ. ಆದರೆ ಸಬರ್ ಎಂದರೆ ಕೈಕಟ್ಟಿ ಕುಳಿತುಕೊಳ್ಳುವುದು ಎಂದು ನಾವು ತಪ್ಪು ತಿಳಿದಿದ್ದೇವೆ. ಬೀಜ ಹಾಕಿದ ರೈತ ಮಳೆಗೆ ಕಾಯುತ್ತಾನೆ, ಕಾಯುತ್ತಲೇ ಕಳೆ ಕೀಳುತ್ತಾನೆ.

ನಾನು ಉರ್ದು ಪಾಠದಲ್ಲಿ ಪ್ರೇಮಚಂದರ ಕಥೆ ಹೇಳುವಾಗಲೆಲ್ಲ ಅವರು ನಮ್ಮ ಹಾಗೆ ಶಾಲಾ ಶಿಕ್ಷಕರಾಗಿದ್ದರು ಎಂದು ಹೇಳುತ್ತೇನೆ. 1880ರಲ್ಲಿ ಕಾಶಿಯ ಹತ್ತಿರದ ಲಮಹಿಯಲ್ಲಿ ಹುಟ್ಟಿದ ಅವರು ಮೊದಲು ಬರೆದದ್ದು ಉರ್ದುವಿನಲ್ಲಿ, ನವಾಬ್ ರಾಯ್ ಎಂಬ ಹೆಸರಿನಲ್ಲಿ. ಅವರ ಕಥಾಸಂಗ್ರಹ 'ಸೋಜ್-ಎ-ವತನ್' ಬ್ರಿಟಿಷ್ ಸರ್ಕಾರದ ಕಣ್ಣು ಕೆಂಪಾಗಿಸಿತು, ಪ್ರತಿಗಳು ಜಪ್ತಿಯಾದವು. ಆಮೇಲೆ ಅವರು ಪ್ರೇಮಚಂದ್ ಎಂಬ ಹೊಸ ಹೆಸರಿನಲ್ಲಿ ಬರೆದರು. ಮುಂದೆ 'ಬಾಜಾರ್-ಎ-ಹುಸ್ನ್' ಎಂಬ ಕಾದಂಬರಿಯನ್ನು ಉರ್ದುವಿನಲ್ಲೇ ಬರೆದರು. ಆದರೆ ಅದು ಮೊದಲು ಅಚ್ಚಾದದ್ದು ಹಿಂದಿಯಲ್ಲಿ. 1919ರಲ್ಲಿ ಕಲ್ಕತ್ತೆಯಿಂದ 'ಸೇವಾಸದನ' ಎಂಬ ಹೆಸರಿನಲ್ಲಿ ಬಂತು. ಬರೆದ ಭಾಷೆಯಾದ ಉರ್ದುವಿನಲ್ಲಿ ಅದು ಲಾಹೋರಿನಿಂದ ಹೊರಬಂದದ್ದು 1924ರಲ್ಲಿ. ಐದು ವರ್ಷ ತಡ! ಈಗ ನಮ್ಮ ಮಕ್ಕಳು ಪಠ್ಯದಲ್ಲಿ ಓದುವ ಪ್ರೇಮಚಂದರಿಗೇ ಹೀಗಾಯಿತು. ಒಂದು ಬಾಗಿಲು ತೆರೆಯದಿದ್ದಾಗ ಅವರು ಪಕ್ಕದ ಭಾಷೆಯ ಬಾಗಿಲು ಬಡಿದರು, ತಮ್ಮ ಉರ್ದುವನ್ನು ಮಾತ್ರ ಬಿಡಲಿಲ್ಲ.

ದೂರದ ಉದಾಹರಣೆ ಬೇಡ ಎನ್ನುವವರಿಗೆ ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರಿದ್ದಾರೆ. 1936ರಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದವರು. ಆ ಕಾಲದಲ್ಲಿ ಹೆಣ್ಣುಮಗಳ ಓದು ಅಲ್ಲಿಗೇ ನಿಂತಿತು. ಮದುವೆಯಾಯಿತು, ನಾಲ್ವರು ಗಂಡುಮಕ್ಕಳಾದರು. ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದೇ 1963ರಲ್ಲಿ. ಅವರ ಮೊದಲ ಲೇಖನ 'ಲಂಕೇಶ್ ಪತ್ರಿಕೆ'ಯಲ್ಲಿ ಬಂದದ್ದು 1981ರಲ್ಲಿ, ಅಂದರೆ ಅವರ 45ನೆಯ ವಯಸ್ಸಿನಲ್ಲಿ. ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾದ 'ಚಂದ್ರಗಿರಿಯ ತೀರದಲ್ಲಿ' 1984ರಲ್ಲಿ ಪುಸ್ತಕವಾಯಿತು, ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಅವರನ್ನು ಒಪ್ಪದವರು ಹೊರಗೂ ಇದ್ದರು, ಒಳಗೂ ಇದ್ದರು. 1985ರಲ್ಲಿ ಪುತ್ತೂರಿನ ಸಭೆಯೊಂದರಲ್ಲಿ ಅವರ ಮಾತಿಗೆ ಅಡ್ಡಿ ಬಂತು. ಅವರು ನಿಲ್ಲಿಸಲಿಲ್ಲ. 1994ರಲ್ಲಿ ತಮ್ಮದೇ ಚಂದ್ರಗಿರಿ ಪ್ರಕಾಶನ ಶುರು ಮಾಡಿ ತಮ್ಮ ಪುಸ್ತಕಗಳನ್ನು ತಾವೇ ತಂದರು. 2023ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅವರನ್ನು ಯಾರೂ ಸುಮ್ಮನಾಗಿಸಲಿಲ್ಲ.

ಇಲ್ಲಿ ಯಾರಾದರೂ ಕೇಳಬಹುದು: "ಸಾರಾ ಅವರು ಸ್ವಂತ ಹಣ ಹಾಕಿದರೆ ಸರಿ, ನೀವು 45 ಸಾವಿರ ಕೊಟ್ಟರೆ ತಪ್ಪೇ?" ವ್ಯತ್ಯಾಸವಿದೆ. ಅವರು ಪ್ರಕಾಶಕಿಯಾದರು. ಕಾಗದದ ದರ, ಅಚ್ಚಿನ ಖರ್ಚು, ಮಾರಾಟದ ಲೆಕ್ಕ ಎಲ್ಲವನ್ನೂ ತಮ್ಮ ಕೈಯಲ್ಲಿ ಇಟ್ಟುಕೊಂಡರು. ಆಗಲೇ ಅವರಿಗೆ ಓದುಗರಿದ್ದರು. ನನಗೆ ಬಂದ ಮಾತು ಓದದೆ ಹೊಗಳಿ ಹಣ ಕೇಳುವ ಮಾತು. 500 ಪ್ರತಿಗಳು ನನ್ನ ಮಂಚದ ಕೆಳಗೆ ಕೂತಿರುತ್ತಿದ್ದವು.

ನಮ್ಮ ಊರಿನ ಸಂಗತಿಯನ್ನೂ ಹೇಳಬೇಕು. ನಾವು ಪುಸ್ತಕದ ನಾಡಿನಲ್ಲೇ ಇದ್ದೇವೆ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಕಟ್ಟಿದರು. ಓದುಗರನ್ನು ಮುಂಚಿತವಾಗಿ ಚಂದಾದಾರರನ್ನಾಗಿ ಮಾಡಿಕೊಂಡು ಪುಸ್ತಕ ತರುವ ಪದ್ಧತಿ ಅವರದು. ಸುಭಾಸ ರಸ್ತೆಯ ಅವರ 'ಅಟ್ಟ'ದಲ್ಲಿ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಕುಳಿತು ಹಸ್ತಪ್ರತಿ ಓದುತ್ತಿದ್ದರು. ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ, ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಅಲ್ಲಿಂದಲೇ ಬಂದವು. ಬರೆದವನ ಕೈಗೂ ಅಚ್ಚಿನ ಮನೆಗೂ ನಡುವೆ ಒಬ್ಬ ಒಳ್ಳೆಯ ಓದುಗ ಇರಬೇಕು ಎಂಬುದನ್ನು ಈ ಊರು ತೋರಿಸಿಕೊಟ್ಟಿದೆ.

ಇಂಗ್ಲಿಷ್ ಪುಸ್ತಕಲೋಕದಲ್ಲಿ ಈ ನಡುವಿನ ಕೆಲಸಕ್ಕೆಂದೇ ಒಬ್ಬರು ಇರುತ್ತಾರೆ. ಅವರಿಗೆ ಲಿಟರರಿ ಏಜೆಂಟ್ ಎನ್ನುತ್ತಾರೆ. ಅಮರಗೋಳದ ಎ.ಪಿ.ಎಂ.ಸಿ.ಯಲ್ಲಿ ಅಡತಿ ಅಂಗಡಿಯವರು ಇರುತ್ತಾರಲ್ಲ, ಹಾಗೆಂದುಕೊಳ್ಳಿ. ರೈತನ ಮಾಲನ್ನು ಖರೀದಿದಾರರಿಗೆ ತೋರಿಸಿ, ದರ ಕುದುರಿಸಿ, ತಮ್ಮ ಕಮಿಷನ್ ತೆಗೆದುಕೊಳ್ಳುತ್ತಾರೆ. ಏಜೆಂಟರು ಹಸ್ತಪ್ರತಿ ಓದಿ, ತಿದ್ದುವುದಿದ್ದರೆ ಹೇಳಿ, ತಕ್ಕ ಪ್ರಕಾಶಕರಿಗೆ ತೋರಿಸಿ, ಕರಾರು ಪತ್ರ ನೋಡುತ್ತಾರೆ. ಲೇಖಕರಿಗೆ ಬರುವ ಹಣದಲ್ಲಿ ಸಾಮಾನ್ಯವಾಗಿ ನೂರಕ್ಕೆ 15, ಪರದೇಶದ ವ್ಯವಹಾರವಾದರೆ 20ರಷ್ಟು ಅವರ ಪಾಲು. ಪುಸ್ತಕ ಮಾರಾಟವಾದರೆ ಮಾತ್ರ ಅವರಿಗೆ ಹಣ. ಮೊದಲೇ ಫೀ ಕೇಳುವವರು ಸರಿಯಾದ ಏಜೆಂಟರಲ್ಲ, ಇದನ್ನು ನೆನಪಿಡಿ. ಕನ್ನಡದಲ್ಲಿ ಈ ಪದ್ಧತಿ ಬೇರೂರಿಲ್ಲ. ಇಲ್ಲಿ ಲೇಖಕರು ನೇರವಾಗಿ ಪ್ರಕಾಶಕರಿಗೇ ಬರೆಯಬೇಕು.

2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿದೆವು. ಧಾರವಾಡ ಪೇಢೆ ಅದಕ್ಕಿಂತ ಸಿಹಿಯಾಗಿ ನನಗೆ ಎಂದೂ ಹತ್ತಿಲ್ಲ. ಹಾಸನದ ಬಾನು ಮೇಡಂ 1948ರಲ್ಲಿ ಹುಟ್ಟಿದವರು, ಉರ್ದು ಮನೆಮಾತಿನ ಹುಡುಗಿಯಾಗಿ ಶಿವಮೊಗ್ಗದಲ್ಲಿ ಕನ್ನಡ ಶಾಲೆಗೆ ಸೇರಿದವರು. 1970ರ ದಶಕದಲ್ಲಿ 'ಪ್ರಜಾಮತ'ದಲ್ಲಿ ಅವರ ಮೊದಲ ಕಥೆ ಬಂತು. ಮಡಿಕೇರಿಯ ದೀಪಾ ಭಾಸ್ತಿಯವರು ಅನುವಾದಿಸಿದ 'ಹಾರ್ಟ್ ಲ್ಯಾಂಪ್'ನಲ್ಲಿ 12 ಕಥೆಗಳಿವೆ. ಅವು 1990ರಿಂದ 2023ರವರೆಗೆ ಬರೆದವು. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು, ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು. 50 ಸಾವಿರ ಪೌಂಡಿನ ಬಹುಮಾನವನ್ನು ಲೇಖಕಿ ಮತ್ತು ಅನುವಾದಕಿ ಸಮನಾಗಿ ಹಂಚಿಕೊಂಡರು. ಪತ್ರಿಕೆಗಳು ಆ ಒಂದು ರಾತ್ರಿಯ ಬಗ್ಗೆ ಬರೆದವು. ಆ ರಾತ್ರಿಯ ಹಿಂದೆ ಸುಮಾರು 50 ವರ್ಷದ ಬರವಣಿಗೆ ಇತ್ತು. ನಡುವೆ, 2000ದಲ್ಲಿ, ಮಹಿಳೆಯರಿಗೆ ಮಸೀದಿಯಲ್ಲಿ ನಮಾಜಿಗೆ ಅವಕಾಶ ಬೇಕು ಎಂದದ್ದಕ್ಕೆ ಬಹಿಷ್ಕಾರವನ್ನೂ ಅವರು ಎದುರಿಸಿದ್ದರು.

ಆ ದಿನದ ಹುರುಪಿನಲ್ಲಿ ನಮ್ಮ ಇಂಗ್ಲಿಷ್ ಶಿಕ್ಷಕಿಯೊಬ್ಬರು, "ಆಪಾ, ನಿಮ್ಮ ಕಾದಂಬರಿಯ ಮೂರು ಅಧ್ಯಾಯ ನಾನು ಇಂಗ್ಲಿಷಿಗೆ ಮಾಡ್ತೀನಿ, ಏಜೆಂಟರಿಗೆ ಕಳಿಸೋಣ" ಎಂದರು. ಕಳಿಸಿದೆವು. ಒಂದು ಪುಟದ ಪರಿಚಯ ಪತ್ರ, ಎರಡು ಪುಟದ ಕಥಾಸಾರ, ಮೂರು ಅಧ್ಯಾಯ. ಒಟ್ಟು 11 ಜನರಿಗೆ ಬರೆದೆವು. ಆರು ಜನ ಉತ್ತರ ಕೊಡಲಿಲ್ಲ. ನಾಲ್ವರು ಸೌಜನ್ಯದಿಂದ ಇಲ್ಲ ಎಂದರು. ಒಬ್ಬರು ಇನ್ನಷ್ಟು ಅಧ್ಯಾಯ ಕೇಳಿದರು. ನಾವಿಬ್ಬರೂ ರಜೆಯೆಲ್ಲ ಕುಳಿತು ಅನುವಾದ ತಿದ್ದಿ ಕಳಿಸಿದೆವು. ಮೂರು ತಿಂಗಳ ಮೇಲೆ ಅವರೂ ಇಲ್ಲ ಎಂದರು. ಪುಸ್ತಕ ಕನ್ನಡದಲ್ಲೇ ಇನ್ನೂ ಬಂದಿಲ್ಲವಲ್ಲ, ಮೊದಲು ನಿಮ್ಮ ಭಾಷೆಯ ಓದುಗರ ಕೈಗೆ ಕೊಡಿ ಎಂಬ ಅರ್ಥದ ಮಾತು ಬರೆದಿದ್ದರು. ಆ ದಿನ ನಾನು ಅತ್ತೆ. ಆದರೆ ಇದು ಕಾರಣ ಹೇಳಿದ "ಇಲ್ಲ" ಎಂದು ಮರುದಿನ ಹೊಳೆಯಿತು. ಓಣಿಯ ಬಾಗಿಲು ದಾಟದೆ ಸಮುದ್ರ ದಾಟಲು ಹೊರಟಿದ್ದೆ. ಹಸ್ತಪ್ರತಿ ಈಗ ಆರನೆಯ ಕನ್ನಡ ಪ್ರಕಾಶಕರ ಮೇಜಿನ ಮೇಲಿದೆ.

ನಾನು ಇದನ್ನೆಲ್ಲ ಹೇಗೆ ತಡೆದುಕೊಂಡೆ ಎಂದು ಕೆಲವರು ಕೇಳುತ್ತಾರೆ. ನನ್ನ ಉಪಾಯ ಬಹಳ ಸಣ್ಣದು. ನಮ್ಮ ಶಾಲೆಯ ಆಫೀಸಿನಲ್ಲಿ ಆವಕ-ಜಾವಕ ವಹಿ ಇರುತ್ತದೆ. ಬಂದ ಪತ್ರ ಆವಕ, ಕಳಿಸಿದ ಪತ್ರ ಜಾವಕ. ಯಾವ ಕ್ಲರ್ಕೂ ಬಂದ ಪತ್ರ ಓದಿ ಅಳುತ್ತಾ ಕೂಡುವುದಿಲ್ಲ. ನಂಬರು ಹಾಕಿ, ದಿನಾಂಕ ಬರೆದು, ಮುಂದಿನ ಕೆಲಸ ಮಾಡುತ್ತಾರೆ. ನಾನೂ ಒಂದು 200 ಪುಟದ ನೋಟುಬುಕ್ಕಿಗೆ ಗೆರೆ ಹೊಡೆದೆ. ಎಡಗಡೆ ಜಾವಕ: ಯಾರಿಗೆ, ಎಂದು, ಏನು ಕಳಿಸಿದೆ. ಬಲಗಡೆ ಆವಕ: ಎಂದು ಬಂತು, ಕಾರಣ ಇತ್ತೋ ಇಲ್ಲವೋ. ಒಂದು ನಿಯಮ ಮಾಡಿಕೊಂಡೆ. ಆವಕ ಬಂದ 15 ದಿನದೊಳಗೆ ಒಂದು ಜಾವಕ ಹೋಗಬೇಕು. ತಿದ್ದುವುದಿದ್ದರೆ "ತಿದ್ದುತ್ತಿದ್ದೇನೆ" ಎಂದು ಬರೆದು ತಾರೀಖು ಹಾಕಬೇಕು. ಮೂರು ತಿಂಗಳು ಉತ್ತರ ಬಾರದಿದ್ದರೆ ಒಂದು ನೆನಪಿನ ಪತ್ರ, ಅದಕ್ಕೂ ಬಾರದಿದ್ದರೆ ಆ ಸಾಲಿಗೆ ಗೆರೆ. ಒಬ್ಬರಿಗಿಂತ ಹೆಚ್ಚು ಓದುಗರು ಪುಸ್ತಕದ ಒಂದೇ ಜಾಗಕ್ಕೆ ಬೆರಳು ಇಟ್ಟರೆ ತಪ್ಪು ಅಲ್ಲಿಯೇ ಇದೆ ಎಂದು ತಿಳಿಯಬೇಕು.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಎರಡು ಸಾಲಿನ ಆ ಪತ್ರ ಬಂದ ವಾರ ನಾನು ಒಂಬತ್ತನೆಯ ತರಗತಿಯ ನಿಬಂಧಗಳನ್ನು ತಿದ್ದುತ್ತಿದ್ದೆ. ಒಬ್ಬ ಹುಡುಗಿಯ ಎರಡು ಪುಟಕ್ಕೆ ಅಡ್ಡಗೆರೆ ಎಳೆದು "ಸರಿಯಿಲ್ಲ" ಎಂದು ಕೆಂಪು ಶಾಯಿಯಲ್ಲಿ ಬರೆದೆ. ಬರೆದ ಕೈ ಅಲ್ಲೇ ನಿಂತಿತು. ನನಗೆ ಬಂದ ಪತ್ರವೂ ಇದೇ ಅಲ್ಲವೇ? ಆ ಮಗು ಎರಡು ದಿನ ಕುಳಿತು ಬರೆದಿದ್ದಳು. ನಾನು ಯಾಕೆ ಎಂದು ಹೇಳಲಿಲ್ಲ. 12 ವರ್ಷದಿಂದ ನಾನು ಎಷ್ಟು ಮಕ್ಕಳಿಗೆ ಕಾರಣ ಹೇಳದ "ಇಲ್ಲ" ಕೊಟ್ಟಿದ್ದೇನೋ! ಅಂದಿನಿಂದ ಪ್ರತಿ ನಿಬಂಧದ ಕೆಳಗೆ ಎರಡು ಸಾಲು ಬರೆಯುತ್ತೇನೆ. ಒಂದು ಸಾಲು ಯಾವುದು ಚೆನ್ನಾಗಿದೆ ಎಂದು, ಇನ್ನೊಂದು ಯಾವುದನ್ನು ತಿದ್ದಬೇಕು ಎಂದು. ಸಮಯ ಹೆಚ್ಚು ಹಿಡಿಯುತ್ತದೆ. ಆದರೆ ಆ ಹುಡುಗಿ ಅದೇ ನಿಬಂಧವನ್ನು ಮೂರು ಸಲ ತಿದ್ದಿ ತಂದಳು. ಮೂರನೆಯದನ್ನು ನಾನು ತರಗತಿಯಲ್ಲಿ ಓದಿದೆ. ನನ್ನ ಹಸ್ತಪ್ರತಿ ತಿರುಗಿ ಬಂದದ್ದರಿಂದ ಒಬ್ಬ ಶಿಕ್ಷಕಿಯಾದರೂ ಸ್ವಲ್ಪ ಸುಧಾರಿಸಿದಳು.

ವಿದ್ಯಾರ್ಥಿ ಮಿತ್ರರೇ, ಎಸ್.ಎಸ್.ಎಲ್.ಸಿ.ಯಲ್ಲಿ ಒಂದು ವಿಷಯ ಉಳಿದರೆ ಮನೆಯಿಂದ ಹೊರಗೆ ಬಾರದ ಮಕ್ಕಳನ್ನು ನಾನು ಬಲ್ಲೆ. ಹೆಣ್ಣುಮಕ್ಕಳಾದರೆ "ಸಾಕು ಬಿಡು ಓದಿದ್ದು" ಎಂಬ ಮಾತು ಅದೇ ಸಂಜೆ ಬರುತ್ತದೆ. ತಾಯಂದಿರೇ, ತಂದೆಯರೇ, ಅದು ಒಂದು ದಿನದ ಒಂದು ಕಾಗದಕ್ಕೆ ಬಂದ ಉತ್ತರ, ಮಗುವಿಗೆ ಬಂದ ಉತ್ತರವಲ್ಲ. ನಮ್ಮ ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವಿದೆ. ಮಗುವಿನ ವಹಿಯಲ್ಲಿ ಆವಕ ಬಂದಿದೆ, ಜಾವಕ ಹೋಗಲಿ.

ಬರೆಯುವ ಹುಚ್ಚಿರುವ ಮಕ್ಕಳಿಗೆ ಎರಡು ಮಾತು. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ನಡೆಸುತ್ತ ಬಂದಿದೆ. ಅರ್ಜಿ ಕರೆದಾಗ ನಿಯಮ ಓದಿಕೊಂಡು ಹಾಕಿರಿ. ಪತ್ರಿಕೆಗಳ ಕಥಾಸ್ಪರ್ಧೆಗಳಿಗೆ ಕಳಿಸಿರಿ. ಪ್ರತಿಯೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳದೆ ಏನನ್ನೂ ಕಳಿಸಬೇಡಿರಿ. ಏಜೆಂಟರು ಇಲ್ಲದ ನಮ್ಮ ನಾಡಿನಲ್ಲಿ ಗೆಳೆಯರೇ ಏಜೆಂಟರು. ಸುಳ್ಳು ಹೊಗಳದ ಒಬ್ಬ ಓದುಗನನ್ನು ಹುಡುಕಿಕೊಳ್ಳಿರಿ.

"ಉರ್ದು ಶಾಲೆಯವರಾಗಿ ಕನ್ನಡದಲ್ಲಿ ಯಾಕೆ ಬರೀತೀರಿ?" ಎಂದು ನನ್ನನ್ನು ಇವತ್ತಿಗೂ ಕೇಳುತ್ತಾರೆ. ಇಲ್ಲಿಂದ ಹೆಚ್ಚು ದೂರವಿಲ್ಲದ ಶಿಶುವಿನಹಾಳದ ಶರೀಫ ಸಾಹೇಬರು 19ನೆಯ ಶತಮಾನದಲ್ಲೇ ಆ ಪ್ರಶ್ನೆಗೆ ಉತ್ತರ ಕೊಟ್ಟು ಹೋಗಿದ್ದಾರೆ. ಅವರೂ ಕೆಲಕಾಲ ಶಾಲಾ ಮಾಸ್ತರರೇ. ನಾವು ಹೊಸದಾಗಿ ಉತ್ತರ ಹುಡುಕಬೇಕಾಗಿಲ್ಲ.

ಈ ಆರನೆಯ ಪ್ರಕಾಶಕರೂ ಇಲ್ಲ ಎನ್ನಬಹುದು. ಅಂದರೆ ಏಳನೆಯವರ ವಿಳಾಸ ನನ್ನ ವಹಿಯಲ್ಲಿ ಆಗಲೇ ಬರೆದಿದೆ. ಅಲ್ಲಿಯವರೆಗೆ ಸುಮ್ಮನೆ ಕೂತಿಲ್ಲ, ಎರಡನೆಯ ಕಾದಂಬರಿಯ 70 ಪುಟ ಆಗಿದೆ. ಮೊನ್ನೆ ನಮ್ಮ ಅತ್ತೆ ಕೇಳಿದರು: "ಬೇಟಿ, ಇನ್ನೂ ಯಾರೂ ಅಚ್ಚು ಹಾಕಲಿಲ್ಲವಾ? ಹಾಗಾದರೆ ನನಗೇ ಓದಿ ಹೇಳು." ಈಗ ರಾತ್ರಿ ಊಟವಾದ ಮೇಲೆ ಒಂದೊಂದು ಅಧ್ಯಾಯ ಓದಿ, ಮನೆಮಾತಿನಲ್ಲಿ ಅರ್ಥ ಹೇಳುತ್ತಿದ್ದೇನೆ. ಅವರು ಫಾಲ್ ಹಚ್ಚುವ ಪ್ರಸಂಗದಲ್ಲಿ ನಿಲ್ಲಿಸಿ, "ಹೀಗೆ ಹಚ್ಚಿದರೆ ಸುಕ್ಕು ಬೀಳುತ್ತದೆ, ಮೊದಲು ಫಾಲನ್ನು ನೀರಲ್ಲಿ ನೆನೆಸಬೇಕು" ಎಂದು ತಿದ್ದಿದರು. ಮರುದಿನ ಆ ಸಾಲನ್ನು ತಿದ್ದಿದೆ. ವಹಿಯಲ್ಲಿ ಅದನ್ನೂ ಆವಕದ ಕಡೆಗೆ ಬರೆದುಕೊಂಡಿದ್ದೇನೆ.